ಪ್ರೈಮರಿ ಮಕ್ಕಳಿಗೆ ಮೊಬೈಲ್, ಕಂಪ್ಯೂಟರ್, ಇಂಟರ್ನೆಟ್ ಕಲಿಸುವುದು ಹೇಗೆ? ಮನೆ ಮತ್ತು ಶಾಲೆಗೆ ಹೆಜ್ಜೆ ಹೆಜ್ಜೆಯ ಮಾರ್ಗದರ್ಶಿ

ನನ್ನ ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಹೋದ ವರ್ಷ ಮೂರು ದಿನ ಶಾಲೆಗೆ ಬರಲಿಲ್ಲ. ಜ್ವರ ಅಂತ ಹೇಳಿ ಕಳಿಸಿದ್ದರು. ಆಮೇಲೆ ಗೊತ್ತಾಯಿತು, ಜ್ವರ ಅಲ್ಲ, ಹೆದರಿಕೆ. ತಾತನ ವಾಟ್ಸಾಪ್‌ಗೆ ‘ಮದುವೆ ಆಮಂತ್ರಣ’ ಅಂತ ಒಂದು ಫೈಲ್ ಬಂದಿತ್ತು. ತಾತನಿಗೆ ಕನ್ನಡಕ ಸಿಗಲಿಲ್ಲ, ಮೊಮ್ಮಗನ ಕೈಗೆ ಫೋನ್ ಕೊಟ್ಟರು. ಅವನು ಒತ್ತಿದ. ಅದು ಲಗ್ನಪತ್ರಿಕೆ ಅಲ್ಲ, ಎಪಿಕೆ ಫೈಲ್, ಅಂದರೆ ಒತ್ತಿದರೆ ಫೋನಿಗೆ ಹೊಸ ಆಪ್ ಹಾಕುವ ಫೈಲ್. ಇನ್‌ಸ್ಟಾಲ್ ಮಾಡಲಾ ಅಂತ ಕೇಳಿತು, ಅದಕ್ಕೂ ಹೂಂ ಅಂದ. ಸಂಜೆಯೊಳಗೆ ತಾತನ ನಂಬರಿನಿಂದ ಊರಿನ ಅರ್ಧ ಜನಕ್ಕೆ ಅದೇ ಆಮಂತ್ರಣ ಹೋಗಿತ್ತು. ದುಡ್ಡು ಹೋಗಲಿಲ್ಲ. ಆ ಖಾತೆಯಲ್ಲಿ ದುಡ್ಡೇ ಇರಲಿಲ್ಲ, ಅಷ್ಟೇ.

ಯಾರೋ ಹ್ಯಾಕ್ ಮಾಡಿದ್ದಾರೆ ಅಂತ ಮನೆಯವರು ತಲೆ ಕೆಡಿಸಿಕೊಂಡಿದ್ದರು. ಒತ್ತಿದ್ದು ತಾನು ಅಂತ ಹುಡುಗ ಮೂರು ದಿನ ಬಾಯಿ ಬಿಡಲಿಲ್ಲ. ಹೇಳಿದರೆ ಅಪ್ಪ ಬಾರಿಸುತ್ತಾರೆ, ಫೋನ್ ಮುಟ್ಟೋಕೂ ಬಿಡಲ್ಲ ಅಂತ ಅವನ ಲೆಕ್ಕ. ಲೆಕ್ಕ ತಪ್ಪೇನೂ ಇರಲಿಲ್ಲ.

ಮಕ್ಕಳಿಗೆ ಡಿಜಿಟಲ್ ಪಾಠ ಅಂದಾಗ ನಾವು ಟೈಪಿಂಗ್, ಪಾಸ್‌ವರ್ಡ್, ‘ಅದು ಮಾಡಬೇಡ, ಇದು ಮುಟ್ಟಬೇಡ’ ಇಷ್ಟನ್ನೇ ಯೋಚಿಸುತ್ತೇವೆ. ನನಗೆ ಆ ಮೂರು ದಿನ ಬೇರೆಯದನ್ನೇ ಕಲಿಸಿತು. ತಪ್ಪಾದ ಕೂಡಲೇ ಬಂದು ಹೇಳುವ ಮಗು ಬೇಕು. ಉಳಿದ ಕೌಶಲಗಳೆಲ್ಲ ಅದರ ಬೆನ್ನಿಗೆ ಬರುತ್ತವೆ. ಕೆಳಗಿನ ಹೆಜ್ಜೆಗಳನ್ನು ಆ ಲೆಕ್ಕದಲ್ಲೇ ಓದಿ. ಇವು ಒಂದರಿಂದ ಐದನೇ ಕ್ಲಾಸಿನವರಿಗೆ. ಒಂದೇ ವಾರದಲ್ಲಿ ಮುಗಿಸಲು ಹೋಗಬೇಡಿ, ಒಂದು ವರ್ಷ ಹಿಡಿಯಲಿ.

ಹೆಜ್ಜೆ 1: ಮೊದಲು ದೊಡ್ಡವರ ಹೋಂವರ್ಕ್

ಮಗುವಿಗೆ ಕಲಿಸುವ ಮುನ್ನ ಫೋನನ್ನು ಸರಿಮಾಡಿ. ಒಂದು ಸಂಜೆ, ಒಂದು ಗಂಟೆ ಸಾಕು. ನಮ್ಮ ಕಡೆ ಮಗುವಿಗೆ ಅಂತ ಬೇರೆ ಫೋನ್ ಇರುವುದಿಲ್ಲ. ಅಪ್ಪನದೋ ಅಮ್ಮನದೋ ಒಂದೇ ಫೋನ್. ಅದರಲ್ಲೇ ಬ್ಯಾಂಕು, ಅದರಲ್ಲೇ ಕಾರ್ಟೂನು. ಅದಕ್ಕೇ ಈ ಹೆಜ್ಜೆ ಮುಖ್ಯ.

ಫೋನ್‌ಪೇ, ಗೂಗಲ್ ಪೇ ಥರದ ಆಪ್‌ಗಳಿಗೆ ಲಾಕ್ ಹಾಕಿ. ಆ ಲಾಕಿನ ನಂಬರ್ ಮಗುವಿನ ಹುಟ್ಟಿದ ದಿನ ಆಗಿರಬಾರದು. ಅದು ಮಗುವಿಗೆ ಮೊದಲೇ ಗೊತ್ತು.

ಪ್ಲೇ ಸ್ಟೋರ್ ತೆರೆದು, ಮೇಲಿನ ನಿಮ್ಮ ಚಿತ್ರ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ ಏನನ್ನಾದರೂ ಕೊಳ್ಳುವಾಗ ಪ್ರತಿ ಸಲವೂ ದೃಢೀಕರಣ ಕೇಳಬೇಕು ಎನ್ನುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. ಆಟದೊಳಗೆ ಡೈಮಂಡು, ಕಾಯಿನ್ನು ಕೊಂಡು ಸಾವಿರಾರು ರೂಪಾಯಿ ಹೋದ ಕಥೆಗಳಲ್ಲಿ ಸಾಮಾನ್ಯವಾಗಿ ಈ ಆಯ್ಕೆ ಆಫ್ ಇರುತ್ತದೆ. ಅದೇ ಪ್ಲೇ ಸ್ಟೋರಿನಲ್ಲಿ, ಕೆಟ್ಟ ಆಪ್‌ಗಳನ್ನು ಪತ್ತೆ ಹಚ್ಚುವ ಪ್ಲೇ ಪ್ರೊಟೆಕ್ಟ್ ಆನ್ ಇದೆಯೇ ನೋಡಿಕೊಳ್ಳಿ.

ಫೋನಿನ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ‘ಅನ್‌ನೋನ್ ಆಪ್ಸ್’ ಅಂತ ಟೈಪ್ ಮಾಡಿ. ವಾಟ್ಸಾಪ್, ಕ್ರೋಮ್, ಫೈಲ್ಸ್ ಇವುಗಳಿಗೆ ಹೊರಗಿನ ಆಪ್ ಹಾಕುವ ಅನುಮತಿ ಇದ್ದರೆ ತೆಗೆದುಹಾಕಿ. ತಾತನ ಫೋನಿನಲ್ಲಿ ಇದೊಂದು ಆಫ್ ಆಗಿದ್ದಿದ್ದರೆ, ನಮ್ಮ ಹುಡುಗನ ಬೆರಳು ಇನ್ನೂ ಒಂದು ಬಾಗಿಲು ದಾಟಬೇಕಾಗುತ್ತಿತ್ತು.

ವಾಟ್ಸಾಪ್‌ನಲ್ಲಿ ಪ್ರೈವಸಿಗೆ ಹೋಗಿ, ಗ್ರೂಪ್ಸ್ ಅಂತ ಇರುವ ಕಡೆ ನಿಮ್ಮ ಕಾಂಟ್ಯಾಕ್ಟ್‌ಗಳು ಮಾತ್ರ ನಿಮ್ಮನ್ನು ಗುಂಪಿಗೆ ಸೇರಿಸುವ ಹಾಗೆ ಮಾಡಿ. ಫೋಟೋ, ವಿಡಿಯೋ ತಾನಾಗಿ ಡೌನ್‌ಲೋಡ್ ಆಗುವುದನ್ನೂ ನಿಲ್ಲಿಸಿ. ನಿಮ್ಮ ಗೆಳೆಯರ ಗುಂಪಿನಲ್ಲಿ ಬರುವುದೆಲ್ಲ ಗ್ಯಾಲರಿಗೆ ಇಳಿದು, ಮಗು ಗ್ಯಾಲರಿ ತೆರೆದಾಗ ಎದುರಾಗುವುದು ಬೇಡ, ಅಲ್ವಾ?

ಯೂಟ್ಯೂಬ್‌ನಲ್ಲಿ ಆಟೋಪ್ಲೇ ಆಫ್ ಮಾಡಿ. ಒಂದು ವಿಡಿಯೋ ಮುಗಿದ ಮೇಲೆ ಇನ್ನೊಂದು ತಾನಾಗಿ ಶುರುವಾಗದಿದ್ದರೆ ‘ಇದೊಂದೇ, ಆಮೇಲೆ ಕೊಡು’ ಅನ್ನುವ ಮಾತಿಗೆ ಒಂದು ಅರ್ಥ ಇರುತ್ತದೆ. ಚಿಕ್ಕವರಿಗೆ ಯೂಟ್ಯೂಬ್ ಕಿಡ್ಸ್ ವಾಸಿ. ಅದರಲ್ಲಿ ನೀವೇ ಆರಿಸಿದ ವಿಡಿಯೋ, ಚಾನೆಲ್ ಮಾತ್ರ ಕಾಣುವ ಹಾಗೂ ಮಾಡಬಹುದು.

ಕೊನೆಗೆ ಆಪ್ ಪಿನ್ನಿಂಗ್. ಇದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ಪಿನ್’ ಅಂತ ಹುಡುಕಿದರೆ ಆಪ್ ಪಿನ್ನಿಂಗ್ ಅಥವಾ ಸ್ಕ್ರೀನ್ ಪಿನ್ನಿಂಗ್ ಸಿಗುತ್ತದೆ. ಆನ್ ಮಾಡಿ, ಬಿಡಿಸುವಾಗ ಫೋನಿನ ಲಾಕ್ ಕೇಳುವ ಹಾಗೆ ಇಡಿ. ಆಮೇಲೆ ಮಗುವಿಗೆ ಬೇಕಾದ ಆಪ್ ತೆರೆದು, ಇತ್ತೀಚಿನ ಆಪ್‌ಗಳ ಪರದೆಗೆ ಹೋಗಿ, ಆ ಆಪಿನ ಚಿಹ್ನೆ ಒತ್ತಿ ಪಿನ್ ಮಾಡಿ. ಮಗು ಆ ಆಪ್ ಬಿಟ್ಟು ಆಚೆ ಬರಲು ಆಗುವುದಿಲ್ಲ. ಐಫೋನ್ ಇದ್ದವರು ಗೈಡೆಡ್ ಆಕ್ಸೆಸ್ ಹುಡುಕಿ.

ಮಗುವಿಗೇ ಟ್ಯಾಬ್ ಅಥವಾ ಫೋನ್ ಕೊಟ್ಟಿದ್ದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿ. ಯಾವ ಆಪ್ ಇಳಿಸಬಹುದು, ಎಷ್ಟು ಹೊತ್ತು ಅನ್ನುವುದು ನಿಮ್ಮ ಫೋನಿನಿಂದಲೇ ನಡೆಯುತ್ತದೆ. ಆದರೆ ಅದನ್ನು ಕದ್ದು ಹಾಕಬೇಡಿ, ಮಗುವಿಗೆ ತೋರಿಸಿಯೇ ಹಾಕಿ.

ಇನ್ನೊಂದು ಮಾತು. ಇನ್‌ಸ್ಟಾಗ್ರಾಂ ಖಾತೆ ತೆರೆಯಲು ಕನಿಷ್ಠ 13 ವರ್ಷ ಆಗಿರಬೇಕು. ಎಂಟು ವರ್ಷದ ಮಗುವಿಗೆ ಹದಿನೆಂಟು ಅಂತ ಬರೆದು ಖಾತೆ ತೆರೆದುಕೊಡುವ ಅಪ್ಪ ಅಮ್ಮಂದಿರನ್ನು ನಾನು ಕಂಡಿದ್ದೇನೆ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ 18 ವರ್ಷದ ಒಳಗಿನವರೆಲ್ಲರನ್ನೂ ಮಕ್ಕಳು ಎಂದೇ ಕರೆಯುತ್ತದೆ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ವಯಸ್ಸಿನ ಬಗ್ಗೆ ಸುಳ್ಳು ಹೇಳಿದರೆ ಆ ರಕ್ಷಣೆಯನ್ನು ನಾವೇ ಕಿತ್ತುಹಾಕಿದಂತೆ. ಅದಕ್ಕಿಂತ ಹೆಚ್ಚಾಗಿ, ಇಂಟರ್ನೆಟ್‌ನಲ್ಲಿ ಸುಳ್ಳು ಹೇಳಬಹುದು ಅನ್ನುವ ಪಾಠ ಮಗುವಿಗೆ ಮನೆಯಲ್ಲೇ ಆಗುತ್ತದೆ.

ಹೆಜ್ಜೆ 2: ಎಲ್ಲಿ, ಎಷ್ಟು ಹೊತ್ತು

ಇದಕ್ಕೆ ಉದ್ದ ಭಾಷಣ ಬೇಡ. ಫೋನ್ ನೋಡುವುದು ನಡುಮನೆಯಲ್ಲಿ ಅಥವಾ ಜಗುಲಿಯಲ್ಲಿ, ಬಾಗಿಲು ಹಾಕಿದ ಕೋಣೆಯಲ್ಲಿ ಅಲ್ಲ. ಊಟದ ತಟ್ಟೆಯ ಮುಂದೆ ಅಲ್ಲ. ರಾತ್ರಿ ಫೋನ್ ಚಾರ್ಜ್ ಆಗುವುದು ಅಡುಗೆಮನೆಯಲ್ಲಿ, ಹಾಸಿಗೆ ಪಕ್ಕದಲ್ಲಿ ಅಲ್ಲ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 5ರಿಂದ 10 ವರ್ಷದವರಿಗೆ ದಿನಕ್ಕೆ 2 ಗಂಟೆಗಿಂತ ಕಡಿಮೆ ಅನ್ನುತ್ತದೆ, ಎರಡು ವರ್ಷದೊಳಗಿನ ಕೂಸಿಗೆ ಪರದೆಯೇ ಬೇಡ ಅನ್ನುತ್ತದೆ. ನನ್ನ ಕೇಳಿದರೆ ಶಾಲೆಯ ದಿನಗಳಲ್ಲಿ ಅರ್ಧ ಗಂಟೆಯೇ ಜಾಸ್ತಿ. ಕಣ್ಣಿಗೆ 20-20-20 ಕಲಿಸಿ: ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ದೂರದ ವಸ್ತುವನ್ನು, ಇಪ್ಪತ್ತು ಸೆಕೆಂಡು ನೋಡುವುದು. ನಮ್ಮ ಮಕ್ಕಳು ಕಿಟಕಿ ಆಚೆಯ ತೆಂಗಿನಮರದಲ್ಲಿ ಕಾಯಿ ಎಣಿಸುತ್ತಾರೆ.

ಈ ಕಟ್ಟುಪಾಡು ದೊಡ್ಡವರಿಗೂ ಅನ್ವಯ ಆಗದಿದ್ದರೆ ಒಂದು ವಾರವೂ ಉಳಿಯುವುದಿಲ್ಲ.

ಹೆಜ್ಜೆ 3: ಕೈಗೆ ಕೆಲಸ ಕಲಿಸಿ

ಇಲ್ಲಿಂದ ನನಗೆ ಇಷ್ಟವಾದ ಭಾಗ. ಫೋನಿನಲ್ಲಿ ಬೆರಳು ಸರಿಸುವುದನ್ನು ಮಗು ತಾನೇ ಕಲಿತಿರುತ್ತದೆ. ಅದನ್ನು ಡಿಜಿಟಲ್ ಕೌಶಲ ಅಂತ ಹೊಗಳಬೇಡಿ. ಏನಾದರೂ ಮಾಡಿ ತೋರಿಸಲು ಬಂದರೆ ಅದು ಕೌಶಲ.

ನಮ್ಮ ಶಾಲೆಯಲ್ಲಿ ಐದು ಕಂಪ್ಯೂಟರ್ ಇವೆ, ಓಡುವುದು ಎರಡು. ಇಂಟರ್ನೆಟ್ ಬಂದರೆ ಬಂತು. ಮೊದಮೊದಲು ಬೇಜಾರಾಗುತ್ತಿತ್ತು. ಈಗ ಅನ್ನಿಸುತ್ತದೆ, ಚಿಕ್ಕ ಮಕ್ಕಳಿಗೆ ಇಂಟರ್ನೆಟ್ ಇಲ್ಲದ ಕಂಪ್ಯೂಟರ್ ಒಂದು ವರ. ಜಾಹೀರಾತು ಇಲ್ಲ, ಅಪರಿಚಿತರಿಲ್ಲ, ಕೆಡುವುದಕ್ಕೂ ಏನೂ ಇಲ್ಲ. ಎಲ್ಲ ಗುಂಡಿ ಒತ್ತಿ ನೋಡಬಹುದು.

ಒಂದು, ಎರಡನೇ ಕ್ಲಾಸಿಗೆ ಮೌಸ್ ಹಿಡಿಯುವುದು, ಒಂದು ಸಲ ಒತ್ತುವುದು, ಎರಡು ಸಲ ಒತ್ತುವುದು, ಎಳೆದು ಬಿಡುವುದು. ಚಿತ್ರ ಬಿಡಿಸುವ ಟಕ್ಸ್ ಪೇಂಟ್, ಕಲಿಕೆಯ ಆಟಗಳ ಜಿಕಾಂಪ್ರಿ ಎರಡೂ ಉಚಿತ. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಬೇಡ. ಚಿತ್ರ ಬಿಡಿಸುತ್ತಾ ಮೌಸ್ ತಾನಾಗಿ ಕೈಗೆ ಹತ್ತುತ್ತದೆ.

ಮೂರನೇ ಕ್ಲಾಸಿನಿಂದ ಕೀಬೋರ್ಡು, ಅದೂ ಕನ್ನಡದಲ್ಲಿ. ಕರ್ನಾಟಕದಲ್ಲಿ ನುಡಿ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಅದನ್ನು ರೂಪಿಸಿದ್ದು ಕನ್ನಡ ಗಣಕ ಪರಿಷತ್ತು. ಅದರ ಕೀಲಿಮಣೆಗೆ ಆಧಾರ ಕೆ.ಪಿ. ರಾವ್ ಅವರ ವಿನ್ಯಾಸ. ಅದರ ಜಾಣತನ ಮಕ್ಕಳಿಗೆ ಬೇಗ ಹಿಡಿಸುತ್ತದೆ. ‘ಕೆ’ ಒತ್ತಿದರೆ ಕ, ‘ಎಮ್’ ಒತ್ತಿದರೆ ಮ, ‘ಎಲ್’ ಒತ್ತಿದರೆ ಲ. ಮೂರು ಕೀಗೆ ‘ಕಮಲ’ ಬಂತು. ನಮ್ಮ ಕ್ಲಾಸಿನ ಕಮಲಾಗೆ ಅವತ್ತು ನೆಲ ಕಾಣಲಿಲ್ಲ. ದೀರ್ಘಕ್ಕೆ ಶಿಫ್ಟ್ ಹಿಡಿದು ‘ಎ’ ಒತ್ತಬೇಕು ಅಂತ ಅವಳೇ ಎಲ್ಲರಿಗೂ ಹೇಳಿಕೊಟ್ಟಳು.

ಆಮೇಲೆ ಒತ್ತಕ್ಷರ. ಅದಕ್ಕೆ ‘ಎಫ್’ ಕೀ. ಅ, ಮ, ಎಫ್, ಮ ಒತ್ತಿದರೆ ‘ಅಮ್ಮ’. ಅ, ಕ, ಎಫ್, ಕ ಒತ್ತಿದರೆ ‘ಅಕ್ಕ’. ‘ಅಮ್ಮ’ದಲ್ಲಿ ಎರಡು ಮ ಇವೆ ಅಂತ ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೆನೋ. ಬೆರಳಿಗೆ ಗೊತ್ತಾದದ್ದು ಈ ಎಫ್‌ನಿಂದ. ಒತ್ತು ಬಿಟ್ಟು ಬರೆಯುತ್ತಿದ್ದ ಇಬ್ಬರು ನೋಟ್‌ಬುಕ್ಕಿನಲ್ಲೂ ಸರಿ ಬರೆಯಲು ಶುರು ಮಾಡಿದರು.

ಕಂಪ್ಯೂಟರ್ ಸಾಲದಿದ್ದರೆ ರಟ್ಟಿನ ಮೇಲೆ ಕೀಬೋರ್ಡ್ ಬರೆಯಿಸಿ. ಒಬ್ಬರು ಪದ ಹೇಳಬೇಕು, ಒಬ್ಬರು ರಟ್ಟಿನ ಮೇಲೆ ಒತ್ತಬೇಕು, ಮೂರನೆಯವರು ನಿಜವಾದ ಕೀಬೋರ್ಡಿನಲ್ಲಿ. ಸರದಿ ಕಾಯುವ ಜಗಳ ನಿಲ್ಲುತ್ತದೆ.

ನಾಲ್ಕು, ಐದನೇ ಕ್ಲಾಸಿಗೆ ಫೈಲ್ ಮತ್ತು ಫೋಲ್ಡರ್. ಫೋಲ್ಡರ್ ಅಂದರೆ ಟ್ರಂಕು, ಫೈಲ್ ಅಂದರೆ ಅದರೊಳಗಿನ ಬಟ್ಟೆ ಅಂತ ಹೇಳಿ. ಪ್ರತಿ ಮಗುವಿಗೂ ತನ್ನ ಹೆಸರಿನ ಒಂದು ಟ್ರಂಕು. ಸೇವ್ ಮಾಡುವುದನ್ನು ನಾನು ಕಲಿಸಲೇ ಇಲ್ಲ, ಕರೆಂಟು ಕಲಿಸಿತು. ಅರ್ಧ ಪುಟ ಟೈಪ್ ಮಾಡಿದ ಮೇಲೆ ಒಂದು ಸಲ ಕರೆಂಟ್ ಹೋದರೆ ಸಾಕು, ಆ ಮಗು ಜೀವಮಾನದಲ್ಲಿ ಸೇವ್ ಮರೆಯುವುದಿಲ್ಲ.

ಕೈಗೆ ಇಷ್ಟು ಬಂದ ಮೇಲೆ ನಿಜವಾದ ಕೆಲಸ ಕೊಡಿ. ಅಜ್ಜಿಯ ಹತ್ತಿರ ಕೇಳಿ ಒಂದು ಅಡುಗೆ ಬರೆದು ತರುವುದು, ಊರಿನ ಗಿಡಮರಗಳ ಪಟ್ಟಿ ಮಾಡುವುದು. ಐದನೇ ಕ್ಲಾಸಿಗೆ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ರೂಪುಗೊಂಡ ಸ್ಕ್ರ್ಯಾಚ್ ಕೂಡ ಆಗುತ್ತದೆ. ಬಣ್ಣದ ತುಂಡುಗಳನ್ನು ಜೋಡಿಸಿ ಬೆಕ್ಕನ್ನು ನಡೆಸುವ ಆಟ ಅದು, ಇಂಟರ್ನೆಟ್ ಇಲ್ಲದೆಯೂ ಓಡುತ್ತದೆ. ಬೆಕ್ಕು ಗೋಡೆಗೆ ಹೋಗಿ ಡಿಕ್ಕಿ ಹೊಡೆದಾಗ ‘ಕಂಪ್ಯೂಟರ್ ದಡ್ಡ’ ಅಂದ ಹುಡುಗಿ, ಐದು ನಿಮಿಷದ ನಂತರ ‘ನಾನೇ ತಪ್ಪು ಹೇಳಿದ್ದೆ ಮಿಸ್’ ಅಂದಳು.

ಶಾಲೆಯಲ್ಲಿ ಕಂಪ್ಯೂಟರೇ ಇಲ್ಲದಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರಕ್ಕೆ ಹೋಗಿ ನೋಡಿ. ಹಲವು ಕಡೆ ಕಂಪ್ಯೂಟರ್ ಇವೆ, ಮಕ್ಕಳಿಗೆ ಸದಸ್ಯತ್ವ ಉಚಿತ.

ಹೆಜ್ಜೆ 4: ಕೇಳುವುದು, ಹುಡುಕುವುದು, ಅನುಮಾನ ಪಡುವುದು

ಹುಡುಕಲು ಕಲಿಸುವಾಗ ಪಕ್ಕದಲ್ಲಿ ಕೂರಿ. ‘ಕಪ್ಪೆ’ ಅಂತ ಹಾಕಿದರೆ ಏನು ಬರುತ್ತದೆ, ‘ಗೊದಮೊಟ್ಟೆ ಏನು ತಿನ್ನುತ್ತದೆ’ ಅಂತ ಹಾಕಿದರೆ ಏನು ಬರುತ್ತದೆ ಅಂತ ಎರಡನ್ನೂ ತೋರಿಸಿ. ಪ್ರಶ್ನೆ ಚೂಪಾದಷ್ಟೂ ಉತ್ತರ ಹತ್ತಿರ ಬರುತ್ತದೆ. ಮೇಲುಗಡೆ ‘ಪ್ರಾಯೋಜಿತ’ ಅಂತ ಇದ್ದರೆ ಅದು ದುಡ್ಡು ಕೊಟ್ಟು ಮುಂದೆ ಬಂದು ನಿಂತದ್ದು ಅಂತ ಹೇಳಿ. ಸಂತೆಯಲ್ಲಿ ಜೋರಾಗಿ ಕೂಗುವವನ ಬದನೆಕಾಯಿಯೇ ಎಳೆಯದು ಅಂತೇನಿಲ್ಲವಲ್ಲ.

ಕ್ಯೂಆರ್ ಕೋಡ್ ಇದಕ್ಕೆ ಒಳ್ಳೆಯ ಪಾಠ. ಅಂಗಡಿಯಲ್ಲಿ ದುಡ್ಡು ಕೊಡುವ ಚೌಕಟ್ಟು ಅಂತ ಮಕ್ಕಳಿಗೆ ಗೊತ್ತು. ಪಠ್ಯಪುಸ್ತಕದಲ್ಲಿರುವುದನ್ನು ಸರ್ಕಾರದ ಕಲಿಕೆಯ ಆಪ್ ಆದ ದೀಕ್ಷಾದಲ್ಲಿ ಸ್ಕ್ಯಾನ್ ಮಾಡಿ ತೋರಿಸಿ, ಪಾಠದ ವಿಡಿಯೋ, ಅಭ್ಯಾಸ ಸಿಗುತ್ತವೆ. ಅಂದರೆ ಕ್ಯೂಆರ್ ಅನ್ನುವುದು ಬರೀ ಒಂದು ವಿಳಾಸ. ಆ ವಿಳಾಸದ ಮನೆ ಒಳ್ಳೆಯವರದೋ ಅಲ್ಲವೋ, ಚೌಕಟ್ಟು ನೋಡಿದರೆ ತಿಳಿಯುವುದಿಲ್ಲ. ಕಂಬಕ್ಕೆ ಅಂಟಿಸಿದ ಕೋಡನ್ನೆಲ್ಲ ಸ್ಕ್ಯಾನ್ ಮಾಡಬಾರದು ಅನ್ನುವುದು ಆಗ ತಾನಾಗಿ ಅರ್ಥ ಆಗುತ್ತದೆ.

ಈಗ ಎಐ, ಅಂದರೆ ಕೃತಕ ಬುದ್ಧಿಮತ್ತೆ ಬಂದಿದೆ. ಮುಚ್ಚಿಡುವುದರಿಂದ ಪ್ರಯೋಜನ ಇಲ್ಲ, ಅಣ್ಣಂದಿರ ಫೋನಿನಲ್ಲಿ ಮಕ್ಕಳು ಆಗಲೇ ನೋಡಿರುತ್ತಾರೆ. ನಾನು ಐದನೇ ಕ್ಲಾಸಿನಲ್ಲಿ ಒಂದು ಪ್ರಯೋಗ ಮಾಡಿದೆ. ‘ನಮ್ಮೂರ ಕೆರೆ ಕಟ್ಟಿಸಿದ್ದು ಯಾರು?’ ಅಂತ ನನ್ನ ಫೋನಿನಲ್ಲಿ ಎಐಗೆ ಕೇಳಿದೆವು. ಒಬ್ಬ ರಾಜನ ಹೆಸರು, ಇಸವಿ ಎಲ್ಲ ಸೇರಿಸಿ ಅಚ್ಚುಕಟ್ಟಾಗಿ ಉತ್ತರ ಕೊಟ್ಟಿತು. ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ ರಾಜನೇ ಬದಲಾಗಿದ್ದ! ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲೆ ಕೆರೆ ಏರಿ ಪಕ್ಕದ ಮನೆಯ ಹಿರಿಯರನ್ನು ಕೇಳಿಕೊಂಡು ಬರಲು ಕಳಿಸಿದೆ. ಅವರು ‘ನಂಗೊತ್ತಿಲ್ಲ ಮಗಾ, ನಮ್ಮಪ್ಪನ ಕಾಲಕ್ಕೂ ಇತ್ತು’ ಅಂದರಂತೆ. ಗೊತ್ತಿಲ್ಲ ಅನ್ನುವವರು ಮತ್ತು ಗೊತ್ತಿಲ್ಲದಿದ್ದರೂ ಹೇಳುವವರು, ಇಬ್ಬರಲ್ಲಿ ಯಾರನ್ನು ನಂಬುತ್ತೀರಿ ಅಂತ ಕೇಳಿದೆ. ಅವತ್ತು ಪಿರಿಯಡ್ ಮುಗಿದರೂ ವಾದ ಮುಗಿಯಲಿಲ್ಲ.

ಹೋಂವರ್ಕಿಗೆ ಎಐ ಬೇಡ ಅಂತ ನಮ್ಮ ಕ್ಲಾಸಿನ ನಿಯಮ. ಬರೆಯಲು ಕಲಿಯುತ್ತಿರುವ ಕೈಗೆ ಇನ್ನೊಬ್ಬರು ಬರೆದುಕೊಟ್ಟರೆ ಕೈ ಕಲಿಯುವುದು ಯಾವಾಗ?

ಹೆಜ್ಜೆ 5: ಮನೆಯ ಮಾತು, ಬೀದಿಯ ಮಾತು

‘ವೈಯಕ್ತಿಕ ಮಾಹಿತಿ’ ಅಂದರೆ ಏಳು ವರ್ಷದ ಮಗುವಿಗೆ ಏನೂ ಅರ್ಥ ಆಗುವುದಿಲ್ಲ. ನಾನು ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಚೌಕ ಬರೆಯುತ್ತೇನೆ. ಒಂದು ಮನೆ, ಒಂದು ಬೀದಿ. ಒಂದೊಂದು ಚೀಟಿ ಓದಿದಂತೆ ಮಕ್ಕಳು ಆ ಚೌಕಕ್ಕೆ ಹಾರಬೇಕು. ನನಗೆ ಇಷ್ಟವಾದ ಹಣ್ಣು? ಬೀದಿ. ಅಪ್ಪನ ಫೋನ್ ನಂಬರ್? ಮನೆ. ನಾನು ಒಬ್ಬಳೇ ಮನೆಯಲ್ಲಿ ಇರುವ ಸಮಯ? ಮನೆ. ಒಟಿಪಿ? ಇದಕ್ಕೆ ಎಲ್ಲರೂ ‘ಮನೆ’ಗೆ ಹಾರುತ್ತಾರೆ. ಇಲ್ಲ, ಅದು ಮನೆಯಲ್ಲೂ ಇನ್ನೊಬ್ಬರಿಗೆ ಹೇಳುವಂಥದ್ದಲ್ಲ, ಫೋನ್ ಯಾರದೋ ಅವರಿಗೆ ಮಾತ್ರ. ಅದಕ್ಕೆ ಮೂರನೆಯ ಚೌಕ, ಬೀರು.

ಫೋಟೋಗೆ ಪತ್ತೇದಾರಿ ಆಟ. ಯಾವುದಾದರೂ ಹಳೆಯ ಫೋಟೋ ತೋರಿಸಿ, ‘ಇದನ್ನು ನೋಡಿ ಈ ಮಗುವಿನ ಬಗ್ಗೆ ಏನೇನು ಹೇಳಬಹುದು?’ ಅಂತ ಕೇಳಿ. ಸಮವಸ್ತ್ರದ ಬಣ್ಣ, ಬ್ಯಾಡ್ಜಿನ ಮೇಲಿನ ಶಾಲೆ ಹೆಸರು, ಹಿಂದೆ ನಿಂತ ಸ್ಕೂಟರಿನ ನಂಬರ್, ಅಂಗಡಿಯ ಬೋರ್ಡು. ಮಕ್ಕಳು ನಮಗಿಂತ ಚುರುಕು, ಹತ್ತು ಸುಳಿವು ಹುಡುಕುತ್ತಾರೆ. ‘ನಾವು ಹುಡುಕಿದ್ದನ್ನು ಬೇರೆಯವರೂ ಹುಡುಕಬಹುದಲ್ವಾ?’ ಅಂತ ಒಂದೇ ಮಾತು ಸಾಕು.

ಇದೇ ಪಾಠ ದೊಡ್ಡವರಿಗೂ. ಮಗು ಬಚ್ಚಲಲ್ಲಿ ಆಡುವ ವಿಡಿಯೋ, ಅಳುವ ವಿಡಿಯೋ ಸ್ಟೇಟಸ್‌ಗೆ ಹಾಕುವ ಮುನ್ನ ಮಗುವನ್ನೇ ಕೇಳಿ. ‘ಹಾಕ್ಲಾ ಪುಟ್ಟಿ?’ ಅಂತ ಕೇಳಿಸಿಕೊಂಡ ಮಗುವಿಗೆ ಇನ್ನೊಬ್ಬರ ಫೋಟೋ ಹಾಕುವಾಗ ಕೇಳಬೇಕು ಅಂತ ಬೇರೆ ಪಾಠ ಬೇಕಾಗುವುದಿಲ್ಲ.

ಪಾಸ್‌ವರ್ಡಿಗೆ ಒಂದಕ್ಕೊಂದು ಸಂಬಂಧ ಇಲ್ಲದ ಮೂರು ಪದ, ಒಂದು ಸಂಖ್ಯೆ. ‘ಬದನೆ ಸೈಕಲ್ ಮಳೆ 47’ ಥರ. ಈ ಉದಾಹರಣೆಯನ್ನೇ ಇಟ್ಟುಕೊಳ್ಳಬೇಡಿ ಮತ್ತೆ. ಮಕ್ಕಳಿಗೆ ಇಂಥ ವಿಚಿತ್ರ ಜೋಡಣೆ ಮಾಡುವುದೆಂದರೆ ಖುಷಿ, ಮರೆಯುವುದೂ ಇಲ್ಲ. ಪಾಸ್‌ವರ್ಡ್ ಗೆಳೆಯರಿಗೆ ಹೇಳಬಾರದು, ಅಪ್ಪ ಅಮ್ಮನಿಗೆ ಹೇಳಿರಬೇಕು.

ಯುಪಿಐ ಬಗ್ಗೆ ಒಂದೇ ಸಾಲು ಬಾಯಿಪಾಠ ಮಾಡಿಸಿ: ದುಡ್ಡು ಕೊಡುವಾಗ ಮಾತ್ರ ಪಿನ್, ದುಡ್ಡು ಬರುವಾಗ ಪಿನ್ ಬೇಡ. ‘ನಿಮಗೆ ಬಹುಮಾನ ಬಂದಿದೆ, ಪಿನ್ ಹಾಕಿ’ ಅಂದರೆ ಅದು ಮೋಸ. ಇದನ್ನು ಮಕ್ಕಳ ಮೂಲಕ ಅಜ್ಜ ಅಜ್ಜಿಗೆ ತಲುಪಿಸಿ. ನಾವು ಹೇಳಿದರೆ ‘ನಂಗೇನು ಗೊತ್ತಿಲ್ವಾ’ ಅನ್ನುವ ತಾತ, ಮೊಮ್ಮಗಳು ಹೇಳಿದರೆ ಕೇಳುತ್ತಾರೆ.

ಹೆಜ್ಜೆ 6: ಆಟದೊಳಗೆ ಮಾತಾಡಿಸುವವರು

ಈ ವಯಸ್ಸಿನವರಿಗೆ ಆನ್‌ಲೈನ್ ಅಪರಿಚಿತರು ಸಿಗುವ ಮುಖ್ಯ ಜಾಗ ಆಟ. ಆಟದಲ್ಲಿ ಚಾಟ್, ಮೈಕ್ ಇದ್ದರೆ ಆಫ್ ಮಾಡಿ. ಆಫ್ ಆಗದ ಆಟ ಪ್ರೈಮರಿಯವರಿಗೆ ಬೇಡವೇ ಬೇಡ. ಅಪರಿಚಿತರೆಲ್ಲ ಕೆಟ್ಟವರು ಅಂತ ಹೆದರಿಸುವುದಕ್ಕಿಂತ, ಯಾವ ಮಾತು ಬಂದರೆ ಎದ್ದು ಬರಬೇಕು ಅಂತ ಹೇಳಿಕೊಡಿ. ‘ಮನೆಯಲ್ಲಿ ಹೇಳಬೇಡ’, ‘ಫೋಟೋ ಕಳಿಸು’, ‘ಎಲ್ಲಿದ್ದೀಯ’, ‘ಡೈಮಂಡ್ ಕೊಡ್ತೀನಿ, ನಂಬರ್ ಕೊಡು’. ನಾಲ್ಕರಲ್ಲಿ ಯಾವುದು ಬಂದರೂ ಆಟ ಅಲ್ಲಿಗೆ ಮುಗಿಯಿತು, ಫೋನ್ ಹಿಡಿದುಕೊಂಡು ದೊಡ್ಡವರ ಹತ್ತಿರ ನಡೆಯಬೇಕು.

ಅಂಥದ್ದೇನಾದರೂ ಬಂದರೆ ದೊಡ್ಡವರು ಗಾಬರಿಯಲ್ಲಿ ಅಳಿಸಿಬಿಡಬೇಡಿ. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಆಮೇಲೆ ಬ್ಲಾಕ್ ಮಾಡಿ, ರಿಪೋರ್ಟ್ ಮಾಡಿ. ಆದರೆ ಮಗುವಿನ ಅಶ್ಲೀಲ ಚಿತ್ರ ಇದ್ದರೆ ಯಾರಿಗೂ, ತೋರಿಸಲಿಕ್ಕೆ ಅಂತಲೂ, ಫಾರ್ವರ್ಡ್ ಮಾಡಬಾರದು. ಅದೇ ಅಪರಾಧ. ನೇರ ಪೊಲೀಸರಿಗೆ ಹೇಳಿ. ಮಕ್ಕಳ ಸಹಾಯವಾಣಿ 1098. ದುಡ್ಡು ಹೋಗಿದ್ದರೆ 1930, ಎಷ್ಟು ಬೇಗ ಕರೆ ಮಾಡುತ್ತೀರೋ ಅಷ್ಟು ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ. ತುರ್ತಿಗೆ 112. ಈ ಮೂರು ನಂಬರ್ ನಮ್ಮ ಕ್ಲಾಸಿನ ಬಾಗಿಲ ಹಿಂದೆ ಬರೆದಿವೆ, ಮಗ್ಗಿ ಪಟ್ಟಿಯ ಪಕ್ಕ.

ಹೆಜ್ಜೆ 7: ಸ್ಟಿಕರ್, ಅಡ್ಡಹೆಸರು, ಕೀಟಲೆ

ಹಿಂದೆ ಅಡ್ಡಹೆಸರು ಇಟ್ಟರೆ ಸಂಜೆ ಮನೆಗೆ ಹೋದ ಮೇಲೆ ಮುಗಿಯುತ್ತಿತ್ತು. ಈಗ ಮನೆಗೂ ಬರುತ್ತದೆ. ನಮ್ಮಲ್ಲಿ ಒಬ್ಬಳು ಆಕಳಿಸುತ್ತಿದ್ದ ಫೋಟೋವನ್ನು ಇನ್ನೊಬ್ಬನ ಅಣ್ಣ ಸ್ಟಿಕರ್ ಮಾಡಿದ್ದ. ಎರಡು ದಿನದಲ್ಲಿ ಅಮ್ಮಂದಿರ ಗುಂಪಿನಲ್ಲೂ ಅದೇ ಓಡಾಡುತ್ತಿತ್ತು, ದೊಡ್ಡವರೂ ನಗುವಿನ ಎಮೋಜಿ ಹಾಕಿದ್ದರು. ಆ ಹುಡುಗಿ ಕ್ಲಾಸಿನಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಳು, ಪದ್ಯ ಹೇಳಲೂ.

ಉಪದೇಶ ಮಾಡಲಿಲ್ಲ. ಎಲ್ಲರಿಗೂ ಚೀಟಿ ಕೊಟ್ಟು, ‘ನಿಮ್ಮ ಬಗ್ಗೆ ಯಾರಾದರೂ ನಕ್ಕು, ನಿಮಗೆ ನಗು ಬರದಿದ್ದ ಒಂದು ಸಲ’ ಬರೆಯಲು ಹೇಳಿದೆ, ಹೆಸರು ಹಾಕದೆ. ಓದಿದೆ. ಕ್ಲಾಸು ತಣ್ಣಗಾಯಿತು. ಆಮೇಲೆ ಮಕ್ಕಳೇ ನಿಯಮ ಮಾಡಿದರು: ಎದುರು ನಿಂತು ಹೇಳಲು ಆಗದ್ದನ್ನು ಕಳಿಸುವ ಹಾಗಿಲ್ಲ, ಕೇಳದೆ ಫೋಟೋ ತೆಗೆಯುವ ಹಾಗಿಲ್ಲ, ಬಂದ ಸ್ಟಿಕರನ್ನು ಮುಂದೆ ತಳ್ಳುವ ಹಾಗಿಲ್ಲ. ಮೂರನೆಯದನ್ನು ಸೇರಿಸಿದ್ದು ಆ ಅಣ್ಣನ ತಮ್ಮ.

ಹೆಜ್ಜೆ 8: ಫಾರ್ವರ್ಡ್ ಮಾಡುವ ಮುನ್ನ

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಅವನೂ ಗೆಳೆಯರೂ ಶಾಲಾ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದರು. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಅವರಿಗಿಂತ ಮುಂಚೆ ಮುಂದಿನ ಊರು ತಲುಪಿತ್ತು. ಆ ವರ್ಷ ದೇಶದಲ್ಲಿ ಇಂಥವು ಸಾಲುಸಾಲಾಗಿ ನಡೆದ ಮೇಲೆ, ಒಂದು ಸಂದೇಶವನ್ನು ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಕಡೆ ಕಳಿಸದಂತೆ ವಾಟ್ಸಾಪ್ ಭಾರತದಲ್ಲಿ ಮಿತಿ ಹಾಕಿತು.

ಇದನ್ನು ಚಿಕ್ಕವರಿಗೆ ಪೂರ್ತಿ ಹೇಳಬೇಡಿ. ‘ಒಂದು ಸುಳ್ಳು ಸುದ್ದಿಯಿಂದ ಏನೂ ತಪ್ಪು ಮಾಡದವರಿಗೆ ತುಂಬಾ ಪೆಟ್ಟಾಯಿತು’ ಅಂದರೆ ಸಾಕು. ಐದನೆಯವರಿಗೆ ಇನ್ನೂ ಸ್ವಲ್ಪ. ದೊಡ್ಡವರು ಮಾತ್ರ ಪೂರ್ತಿ ನೆನಪಿಟ್ಟುಕೊಳ್ಳಬೇಕು.

ಅಭ್ಯಾಸಕ್ಕೆ ಕಿವಿಮಾತಿನ ಆಟ ಆಡಿಸಿ. ಮೊದಲನೆಯವಳ ಕಿವಿಯಲ್ಲಿ ‘ಶನಿವಾರ ಮಧ್ಯಾಹ್ನ ಕೆಂಪು ಬಸ್ ಬರುತ್ತೆ’ ಅಂದರೆ ಇಪ್ಪತ್ತನೆಯವನ ಹತ್ತಿರ ಅದು ಬೇರೆಯೇ ಆಗಿರುತ್ತದೆ. ಆಮೇಲೆ ಮೂರು ಪ್ರಶ್ನೆ: ಇದನ್ನು ಮೊದಲು ಹೇಳಿದವರು ಯಾರು? ನೀನು ಕಣ್ಣಾರೆ ನೋಡಿದೆಯಾ? ಸುಳ್ಳಾದರೆ ಯಾರಿಗೆ ನೋವು? ಸಂದೇಶದ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ತುಂಬಾ ಕೈ ದಾಟಿ ಬಂದದ್ದು ಅಂತಲೂ ತೋರಿಸಿ.

ಹೆಜ್ಜೆ 9: ಹೇಳುವುದನ್ನು ರೂಢಿ ಮಾಡಿಸಿ

ಕೊನೆಯಲ್ಲಿ ಇಟ್ಟರೂ ಇದನ್ನು ಮೊದಲ ದಿನದಿಂದ ಮಾಡಬೇಕು. ಬೆಂಕಿ ಬಿದ್ದರೆ ಹೇಗೆ ಓಡಬೇಕು ಅಂತ ಅಭ್ಯಾಸ ಮಾಡಿಸುತ್ತೇವಲ್ಲ, ಹಾಗೆ ಹೇಳುವುದರ ಅಭ್ಯಾಸ. ಮಗು ಬಂದು ‘ಅಮ್ಮಾ, ನಾನು ಏನೋ ಒತ್ತಿಬಿಟ್ಟೆ’ ಅನ್ನಬೇಕು. ಅಮ್ಮ ‘ಹೇಳಿದ್ದು ಒಳ್ಳೇದಾಯ್ತು, ತೋರ್ಸು’ ಅನ್ನಬೇಕು. ಸುಮ್ನೆ ನಾಟಕದ ಥರ, ತಿಂಗಳಿಗೊಂದು ಸಲ. ಪೋಷಕರ ಸಭೆಯಲ್ಲಿ ನಾನು ಇದನ್ನು ಅಪ್ಪಂದಿರ ಕೈಲಿ ಮಾಡಿಸುತ್ತೇನೆ. ‘ತೋರ್ಸು’ ಅನ್ನುವಷ್ಟರಲ್ಲಿ ಕೆಲವರ ಧ್ವನಿ ಏರಿರುತ್ತದೆ, ಮತ್ತೆ ಮಾಡಿಸುತ್ತೇನೆ.

ನಿಜವಾಗಿಯೂ ಹಾಗೆ ಆದಾಗ ಕ್ರಮ ಇಷ್ಟು. ಮೊದಲು ಡೇಟಾ ಆಫ್, ವೈಫೈ ಆಫ್. ಗೊತ್ತಿಲ್ಲದ ಆಪ್ ಇಳಿದಿದ್ದರೆ ಅನ್‌ಇನ್‌ಸ್ಟಾಲ್. ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಕರೆ. ದುಡ್ಡು ಹೋಗಿದ್ದರೆ 1930. ನಿಮ್ಮ ನಂಬರಿನಿಂದ ಸಂದೇಶ ಹೋಗಿದ್ದರೆ ಎಲ್ಲರಿಗೂ ‘ಅದನ್ನು ಒತ್ತಬೇಡಿ’ ಅಂತ ಹೇಳಿ. ಬೈಯುವುದೇನಾದರೂ ಉಳಿದಿದ್ದರೆ ಮಾರನೆಯ ದಿನಕ್ಕಿರಲಿ. ಶಿಕ್ಷೆಯಾಗಿ ಫೋನ್ ಕಿತ್ತುಕೊಳ್ಳಬೇಡಿ. ಹಾಗೆ ಮಾಡಿದರೆ ಮುಂದಿನ ಸಲ ಮಗು ಹೇಳುವುದಿಲ್ಲ, ಅಷ್ಟೇ.

ಮೂರು ದಿನ ಜ್ವರ ಬಂದಿದ್ದ ಆ ಹುಡುಗ ಈಗ ಐದನೇ ಕ್ಲಾಸು. ಮೊನ್ನೆ ಬೆಳಿಗ್ಗೆ ಪ್ರಾರ್ಥನೆಗೂ ಮುಂಚೆ ತಾತನನ್ನೇ ಕೈ ಹಿಡಿದು ಕರೆದುಕೊಂಡು ಬಂದಿದ್ದ. ತಾತನ ಫೋನಿಗೆ ‘ನಿಮ್ಮ ಕಿಸಾನ್ ಹಣ ಬಂದಿದೆ’ ಅಂತ ಒಂದು ಲಿಂಕ್ ಬಂದಿತ್ತು. ‘ಒತ್ತು ಅಂದ್ರೆ ಒತ್ತಲ್ಲ ಅಂತಾನೆ ಮೇಡಂ, ನಿಮ್ಮನ್ನ ಕೇಳ್ಬೇಕಂತೆ’ ಅಂತ ತಾತ ಸ್ವಲ್ಪ ಸಿಟ್ಟಿನಲ್ಲೇ ಇದ್ದರು. ಹುಡುಗ ಫೋನ್ ನನ್ನ ಮುಂದೆ ಹಿಡಿದು, ಲಿಂಕಿನ ಕೊನೆಗೆ ಬೆರಳು ತೋರಿಸಿದ. ಅಲ್ಲಿ ಎಪಿಕೆ ಅಂತ ಇತ್ತು.